ಮಾತಾಡುವ ಡಬ್ಬಿಗಳ ಜಗಳ, ನಮ್ಮವ್ವನ ಧಾರವಾಡ

ಇಲ್ಲಿ ಏನೂ ಬರೆಯದೆ ತುಂಬಾ ದಿನವಾಯಿತು. ಉತ್ತರಾಯಣದ ಗದ್ದಲ ಮುಗಿಯಲಿ, ಆಮೇಲೆ ಕೂತು ಬರೆಯೋಣ ಅಂತ ಮುಂದೂಡುತ್ತಾ ಬಂದೆ. ಕೊನೆಗೆ ಬರೆಯುವ ವಿಷಯ ಆ ಗದ್ದಲದಲ್ಲೇ ಸಿಕ್ಕಿತು.

ಗುಜರಾತಿನ ಉತ್ತರಾಯಣ ನೋಡದವರಿಗಾಗಿ ಒಂದೆರಡು ಮಾತು. ಜನವರಿ 14 ಮತ್ತು 15, ಎರಡು ದಿನ ಊರಿಗೆ ಊರೇ ತಾರಸಿಯ ಮೇಲಿರುತ್ತದೆ. ಗಾಳಿಪಟ, ಉಂಧಿಯು, ಚಿಕ್ಕಿ, ಇವುಗಳ ಜೊತೆಗೆ ಕಿವಿ ಒಡೆಯುವಷ್ಟು ಹಾಡು. ನಾನು ವಡೋದರಕ್ಕೆ ಬಂದ ಹೊಸತರಲ್ಲಿ ಓಣಿಗೊಂದು ಬಾಡಿಗೆಯ ದೊಡ್ಡ ಸ್ಪೀಕರ್ ಇರುತ್ತಿತ್ತು. ಈಗ ಪ್ರತಿ ತಾರಸಿಗೂ ಅವರದೇ ವೈರಿಲ್ಲದ ಸ್ಪೀಕರ್. ಈ ಸಲ ನಮ್ಮ ಗೋರ್ವಾದ ಸೊಸೈಟಿಯಲ್ಲಿ ಎದುರು ತಾರಸಿಯ ಹುಡುಗರ ಫೋನು ಅದು ಹೇಗೋ ಪಕ್ಕದ ಮನೆಯವರ ಸ್ಪೀಕರಿಗೆ ಅಂಟಿಕೊಂಡುಬಿಟ್ಟಿತು. ಭಜನೆ ಕೇಳುತ್ತಾ ಕೂತಿದ್ದ ಅಜ್ಜನ ಡಬ್ಬಿಯಿಂದ ಏಕಾಏಕಿ ಡಿಜೆ ಹಾಡು! ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ನೀರು ಕುಡಿಯಲು ಕೆಳಗೆ ಬಂದರೆ ನಮ್ಮವ್ವ ಒಬ್ಬಳೇ ಕೂತಿದ್ದಳು. ನಮ್ಮ ಮನೆಯಲ್ಲಿ ಮಾತಾಡುವ ಡಬ್ಬಿಗಳು ಎರಡಿವೆ. ಒಂದು ಮಗ ದೀಪಾವಳಿಗೆ ಕೊಂಡದ್ದು, ಇನ್ನೊಂದು ಸೊಸೆಯ ತವರಿನಿಂದ ಉಡುಗೊರೆಯಾಗಿ ಬಂದದ್ದು. ಎರಡೂ ಬೇರೆ ಬೇರೆ ಕಂಪನಿಯವು, ಹೆಸರು ಬೇಡ. ಇದನ್ನು ಕರೆದರೆ ಅದು ಓಗೊಡುವುದಿಲ್ಲ, ಎರಡನ್ನೂ ಸೇರಿಸಿ ಒಂದೇ ಹಾಡು ಹಾಡಿಸಲು ಬರುವುದಿಲ್ಲ, ಒಂದರ ಹಾಡಿನ ಚಂದಾ ಇನ್ನೊಂದಕ್ಕೆ ನಡೆಯುವುದಿಲ್ಲ. ಒಂದೇ ಮನೆಯ ಇಬ್ಬರು ಓರಗಿತ್ತಿಯರಿದ್ದ ಹಾಗೆ. ಅವ್ವ ಅವೆರಡನ್ನೂ ತೋರಿಸಿ ಕೇಳಿದಳು: "ಇವಕ್ಕ ಕಿವಿ ಅದಾವಂತೀರಿ. ಮತ್ತ ನಾ ಧಾರವಾಡ ಹಚ್ಚು ಅಂದ್ರ ಯಾಕ ಕೇಳಿಸೂದಿಲ್ಲ?"

ಆಗ ನನಗೆ ಉತ್ತರ ಹೇಳಲು ಬರಲಿಲ್ಲ. ಆಮೇಲೆ ಯೋಚಿಸುತ್ತಾ ಹೋದಂತೆ, ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮನೆಗೆ ಬಂದ ಡಬ್ಬಿಗಳ ಚರಿತ್ರೆಯನ್ನೇ ಮೊದಲಿನಿಂದ ನೋಡಬೇಕು ಅನ್ನಿಸಿತು.

ನಮ್ಮ ಈ ಊರಿಗೂ ಕನ್ನಡ ನಾಡಿಗೂ ರೇಡಿಯೋ ವಿಷಯದಲ್ಲಿ ಒಂದು ನಂಟಿದೆ. 1947ರಲ್ಲಿ ಸ್ವಾತಂತ್ರ್ಯ ಬಂದಾಗ ಆಲ್ ಇಂಡಿಯಾ ರೇಡಿಯೋ ಪಾಲಿಗೆ ಉಳಿದದ್ದು ಆರೇ ಕೇಂದ್ರಗಳು: ದಿಲ್ಲಿ, ಮುಂಬಯಿ, ಕಲ್ಕತ್ತ, ಮದ್ರಾಸು, ಲಖನೌ, ತಿರುಚಿರಾಪಳ್ಳಿ. ಸಂಸ್ಥಾನಗಳು ತಾವೇ ನಡೆಸುತ್ತಿದ್ದ ಕೇಂದ್ರಗಳು ಇನ್ನೈದು: ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್ ಮತ್ತು ನಮ್ಮ ಬರೋಡ. ಗಾಯಕವಾಡರೂ ಒಡೆಯರೂ ತಮ್ಮ ಪ್ರಜೆಗಳ ಕಿವಿಗೆ ತಮ್ಮದೇ ದನಿ ತಲುಪಬೇಕು ಅಂದುಕೊಂಡವರು. ಮೈಸೂರಿನ ಕಥೆ ನಿಮಗೆ ಗೊತ್ತೇ ಇರುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಶುರುಮಾಡಿದರು. ಇವತ್ತಿನ ಫ್ಯಾನು ಕೂಡ ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ! ಅಲ್ಲಿ ಬಳಕೆಯಾದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು.

ರೇಡಿಯೋಗಿಂತ ಹಳೆಯ ನಂಟು ಸಂಗೀತದ್ದು. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಬರೋಡ ಆಸ್ಥಾನದಲ್ಲಿ ಇದ್ದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಬರೋಡದಲ್ಲಿ ಕೇಳಿದ ಗಾಯಕಿ ಹುಬ್ಬಳ್ಳಿ ಸೀಮೆಗೆ ಹೋಗಿ, ಅಲ್ಲಿಂದ 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಮೂಲಕ ನಮ್ಮೂರ ಕಟ್ಟೆಯ ಮೇಲಿನ ರೇಡಿಯೋಗೆ ಬಂತು. ಅವ್ವನಿಗೆ ಘರಾನೆ ಗಿರಾನೆ ಗೊತ್ತಿಲ್ಲ. ಗಂಗೂಬಾಯಿಯವರ ದನಿ ಮಾತ್ರ ಅರ್ಧ ಆಲಾಪದಲ್ಲೇ ಗುರುತು ಹಿಡಿಯುತ್ತಾಳೆ.

ಆ ಕಾಲದಲ್ಲೂ ಡಬ್ಬಿಗಳ ಪೈಪೋಟಿ ಇತ್ತು. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ, ಪ್ರತಿವರ್ಷ ಹಣ ಕಟ್ಟಿ ರೇಡಿಯೋ ಕೇಳಬೇಕಿತ್ತು. ಆದರೆ ಡಬ್ಬಿ ಯಾರದಾದರೂ ಅದು ಹಿಡಿಯುವ ಕೇಂದ್ರಗಳು ಅವೇ, ಇದನ್ನು ಗಮನಿಸಿ. ಮರ್ಫಿಯವರ ಪೆಟ್ಟಿಗೆಯಲ್ಲಿ ಧಾರವಾಡ ಬರುತ್ತದೆ, ಫಿಲಿಪ್ಸಿನದರಲ್ಲಿ ಬರುವುದಿಲ್ಲ ಅಂತ ಇರಲಿಲ್ಲ. ನಿಜವಾದ ಕಾದಾಟ ಆಕಾಶದಲ್ಲಿತ್ತು. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಗಟ್ಟಿದಾಗ ದೇಶದ ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಹೋದವರನ್ನು ವಾಪಸ್ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುಮಾಡಬೇಕಾಯಿತು. ಕೇಳುಗನ ಕೈಯಲ್ಲಿ ಒಂದು ತಿರುಗಣೆ ಇದ್ದರೆ ಮಂತ್ರಿಯನ್ನೂ ಮಣಿಸಬಹುದಿತ್ತು.

ನಾನು ಗೋರ್ವಾಕ್ಕೆ ಬಂದದ್ದು 1986ರಲ್ಲಿ, ಇಲ್ಲಿನ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯ ಕೆಲಸಕ್ಕೆ. ಟ್ರಂಕಿನಲ್ಲಿ ಬಟ್ಟೆಯ ಮಧ್ಯೆ ಒಂದು ಟ್ರಾನ್ಸಿಸ್ಟರ್ ಇತ್ತು. ಹಗಲು ಹೊತ್ತು ಬರೀ ಗುಜರಾತಿ, ಹಿಂದಿ. ರಾತ್ರಿ ಊಟವಾದ ಮೇಲೆ ತಾರಸಿಗೆ ಹೋಗಿ, ರೇಡಿಯೋವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಧಾರವಾಡ ಹುಡುಕುವುದು. ಹಗಲಿನಲ್ಲಿ ವಾಯುಮಂಡಲದ ಒಂದು ಪದರ ಮಧ್ಯಮ ತರಂಗಗಳನ್ನು ನುಂಗಿಹಾಕುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ತೆಳುವಾಗಿ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಬಂದು ಇಳಿಯುತ್ತವೆ. ಈ ವಿಜ್ಞಾನ ಆಗ ನನಗೆ ಗೊತ್ತಿರಲಿಲ್ಲ. ಕತ್ತಲಾದರೆ ಕನ್ನಡ ಬರುತ್ತದೆ ಅನ್ನುವಷ್ಟು ಗೊತ್ತಿತ್ತು. ದನಿ ಏಳುವುದು, ಮುಳುಗುವುದು, ನಡುವೆ ಇನ್ಯಾವುದೋ ಕೇಂದ್ರದ ತಬಲಾ... ಅಷ್ಟರಲ್ಲೇ ಎರಡು ವಾಕ್ಯ ಕನ್ನಡ ಸಿಕ್ಕಿದರೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಕ್ಯಾಸೆಟ್ಟಿನ ಕಾಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಮ್ಮ ವಯಸ್ಸಿನ ಎಲ್ಲರಿಗೂ ಅದು ಗೊತ್ತಿದ್ದದ್ದೇ. ಟಿ-ಸೀರೀಸ್‌ನವರು ಅಗ್ಗದ ಕ್ಯಾಸೆಟ್ ತಂದು ಎಚ್‌ಎಂವಿಯ ಏಕಸ್ವಾಮ್ಯ ಮುರಿದರು. ನನ್ನಂಥವರು ರಜೆ ಮುಗಿಸಿ ಬರುವಾಗ ಹುಬ್ಬಳ್ಳಿಯಿಂದ ಭಾವಗೀತೆ, ದಾಸರ ಪದಗಳ ಕ್ಯಾಸೆಟ್ಟುಗಳನ್ನು ಖಡಕ್ ರೊಟ್ಟಿಯ ಜೊತೆ ಕಟ್ಟಿಕೊಂಡು ಬಂದೆವು.

ಅದರ ನಂತರ ಬಂದ ಒಂದು ಡಬ್ಬಿಯ ಬಗ್ಗೆ ಮಾತ್ರ ಸ್ವಲ್ಪ ನಿಧಾನಿಸಿ ಹೇಳಬೇಕು. ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ವರ್ಲ್ಡ್‌ಸ್ಪೇಸ್. ನೋವಾ ಸಮಾರಾ ಎಂಬವರು ಕಟ್ಟಿದ ಉಪಗ್ರಹ ರೇಡಿಯೋ ಕಂಪನಿ. ಇವರ ಏಷ್ಯಾಸ್ಟಾರ್ ಉಪಗ್ರಹ 2000ದ ಮಾರ್ಚಿನಲ್ಲಿ ಮೇಲೇರಿತು. ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು. ಅಂಗೈಯಗಲದ ಚಪ್ಪಟೆ ಆಂಟೆನಾವನ್ನು ಕಿಟಕಿಯಲ್ಲಿಟ್ಟು ಉಪಗ್ರಹದ ಕಡೆ ಮುಖ ಮಾಡಿಸಿದರೆ ಸಾಕು, ಚೂರೂ ಗೊರಗೊರ ಇಲ್ಲದೆ ಹತ್ತಾರು ವಾಹಿನಿಗಳು. ಶಾಸ್ತ್ರೀಯ ಸಂಗೀತಕ್ಕೆ 'ಶ್ರುತಿ', 'ಗಾಂಧರ್ವ'. ಕನ್ನಡಕ್ಕೇ ಮೀಸಲಾಗಿ 'ಸ್ಪರ್ಶ'!

ವಡೋದರದಲ್ಲಿ ಪರಿಚಯದ ಕನ್ನಡಿಗರೊಬ್ಬರ ಮನೆಯಲ್ಲಿ ಇದನ್ನು ಮೊದಲು ಕೇಳಿದೆ. ಅವರ ಮನೆಯ ಆಗ್ನೇಯ ದಿಕ್ಕಿಗೆ ಒಂದು ಅಡುಗೆಮನೆಯ ಕಿಟಕಿ ಮಾತ್ರ ಇತ್ತು. ನಮ್ಮ ಊರಿನಿಂದ ಉಪಗ್ರಹ ಇರುವುದು ಅದೇ ದಿಕ್ಕಿಗೆ. ಹಾಗಾಗಿ ಅಡುಗೆಮನೆಯಲ್ಲೇ ನಾಲ್ಕು ಕುರ್ಚಿ ಹಾಕಿಕೊಂಡು, ಒಗ್ಗರಣೆಯ ಘಾಟಿನಲ್ಲಿ ಕೆಮ್ಮುತ್ತಾ ಕನ್ನಡ ಹಾಡು ಕೇಳಿದ ಭಾನುವಾರಗಳಿವೆ. ಹಗಲು ಹನ್ನೊಂದು ಗಂಟೆಗೆ, ಬಿಸಿಲಿನಲ್ಲಿ, ಗುಜರಾತಿನಲ್ಲಿ ಕನ್ನಡ! ರಾತ್ರಿಯ ತಾರಸಿ ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಇಲ್ಲಿ ಮೊದಲ ಸಲ ಡಬ್ಬಿಯೂ ಪ್ರಸಾರವೂ ಒಬ್ಬನದೇ ಆಯಿತು. ಆ ರಿಸೀವರಿನಲ್ಲಿ ಆ ಉಪಗ್ರಹದ ಪ್ರಸಾರ ಕೇಳಲು ಅವರಿಗೇ ಚಂದಾ ಕಟ್ಟಬೇಕು. ಕಂಪನಿ 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಎಫ್‌ಎಂ ಪೈಪೋಟಿಯೋ, ಚಂದಾ ಕಟ್ಟಿ ರೇಡಿಯೋ ಕೇಳುವ ಅಭ್ಯಾಸ ನಮ್ಮವರಿಗಿಲ್ಲದ್ದೋ, ಉಪಗ್ರಹಗಳ ಖರ್ಚೋ, ಕಾರಣಗಳೇನೇ ಇರಲಿ, ಮರುದಿನದಿಂದ ದೇಶದ ಮನೆಮನೆಗಳ ಆ ಡಬ್ಬಿಗಳಿಗೆ ಉಪಗ್ರಹದಿಂದ ಕೇಳಲು ಏನೂ ಉಳಿಯಲಿಲ್ಲ. ಮರ್ಫಿ ಕಂಪನಿ ಹೋದ ಮೇಲೂ ಮರ್ಫಿ ರೇಡಿಯೋ ಧಾರವಾಡ ಹಿಡಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ನನ್ನ ಲೆಕ್ಕದಲ್ಲಿ ಇವತ್ತಿನ ಸ್ಮಾರ್ಟ್ ಸ್ಪೀಕರುಗಳ ಜಗಳ ಶುರುವಾಗುವುದು ಇಲ್ಲಿಂದಲೇ.

ಸ್ಮಾರ್ಟ್ ಸ್ಪೀಕರು ಅಂದಕೂಡಲೇ ಜನ ಅಮೆಜಾನ್ ಹೆಸರು ಹೇಳುತ್ತಾರೆ. ವೈರಿಲ್ಲದ ಮನೆ ಸಂಗೀತದ ದಾರಿ ಹಾಕಿದವರು ಅವರಲ್ಲ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2002ರಲ್ಲಿ ಹುಟ್ಟಿದ ಸೋನೋಸ್. ಅಡುಗೆಮನೆಯಲ್ಲೂ ಪಡಸಾಲೆಯಲ್ಲೂ ಒಂದೇ ಹಾಡು, ಒಂದೇ ತಾಳದಲ್ಲಿ ಬರಬೇಕು. ಕೇಳಲು ಸುಲಭ, ಮಾಡುವುದು ಕಷ್ಟ. ಒಂದು ಡಬ್ಬಿ ಇನ್ನೊಂದಕ್ಕಿಂತ ಚೂರು ಹಿಂದೆ ಬಿದ್ದರೂ ಬಾವಿಯೊಳಗೆ ಕೂಗಿದಂತೆ ಪ್ರತಿಧ್ವನಿ ಬರುತ್ತದೆ. ಡಬ್ಬಿಗಳು ತಮ್ಮ ಗಡಿಯಾರಗಳನ್ನು ತಾವೇ ಒಂದಕ್ಕೊಂದು ಹೊಂದಿಸಿಕೊಳ್ಳುವಂತೆ ಮಾಡಿ 2005ರಲ್ಲಿ ಅವರು ಮೊದಲ ಸರಕು ಮಾರಿದರು. ಅದು ಸಿರಿವಂತರ ಸರಕು. ಆ ಡಬ್ಬಿಗೆ ಬಾಯಿ ಮಾತ್ರ ಇತ್ತು.

ಕಿವಿ ಬಂದದ್ದು 2014ರ ನವೆಂಬರಿನಲ್ಲಿ, ಅಮೆಜಾನಿನ ಎಕೋ ಜೊತೆ. ಉದ್ದನೆಯ ಕೊಳವೆ, ತಲೆಯ ಮೇಲೆ ಏಳು ಮೈಕು, ಹೆಸರು ಅಲೆಕ್ಸಾ. ಹೆಸರು ಕರೆದರೆ ಎಚ್ಚರವಾಗುವಷ್ಟು ಬುದ್ಧಿ ಡಬ್ಬಿಯೊಳಗೆ ಇರುತ್ತದೆ. ಆಮೇಲೆ ನಾವು ಆಡಿದ್ದನ್ನೆಲ್ಲ ಅದು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸಿ ಅರ್ಥ ಕೇಳಿಕೊಂಡು ಬರುತ್ತದೆ. 2016ರ ನವೆಂಬರಿನಲ್ಲಿ ಗೂಗಲ್ ಹೋಂ ಬಂತು. 2018ರ ಫೆಬ್ರವರಿಯಲ್ಲಿ ಆಪಲ್‌ನವರ ಹೋಂಪಾಡ್, 349 ಡಾಲರ್. ದನಿ ಬಹಳ ಚೆಂದ ಅಂತ ಹೊಗಳಿಸಿಕೊಂಡಿತು. ಆದರೆ ಎಣ್ಣೆ ಹಚ್ಚಿದ ಮರದ ಮೇಜಿನ ಮೇಲೆ ಬಿಳಿ ಉಂಗುರದ ಕಲೆ ಉಳಿಸುತ್ತದೆ ಅಂತ ಸುದ್ದಿಯಾಗಿ ನಗೆಪಾಟಲೂ ಆಯಿತು. ದುಬಾರಿ ಹೋಂಪಾಡನ್ನು 2021ರಲ್ಲಿ ನಿಲ್ಲಿಸಿ, 2023ರಲ್ಲಿ ಮತ್ತೆ ಹೊಸದಾಗಿ ತಂದರು. ಸ್ಯಾಮ್‌ಸಂಗ್‌ನವರು 2018ರಲ್ಲಿ ಗ್ಯಾಲಕ್ಸಿ ಹೋಂ ಅಂತ ತೋರಿಸಿದ್ದು ಅಂಗಡಿಗೆ ಬರಲೇ ಇಲ್ಲ.

ಈ ಯುದ್ಧದಲ್ಲಿ ಯಾರಿಗೂ ಡಬ್ಬಿ ಮಾರಿ ಲಾಭ ಮಾಡುವ ಆತುರ ಇದ್ದಂತಿರಲಿಲ್ಲ. ಮನೆಯೊಳಗೆ ಒಂದು ಜಾಗ ಹಿಡಿದರೆ ಮುಂದೆ ಅಂಗಡಿ, ಹಾಡು, ಹುಡುಕಾಟ ಎಲ್ಲ ತಮ್ಮ ಮೂಲಕವೇ ಆಗುತ್ತದೆ ಅನ್ನುವ ಲೆಕ್ಕ. ಆ ಲೆಕ್ಕ ಅಷ್ಟಾಗಿ ಫಲಿಸಲಿಲ್ಲ. 2017ರಿಂದ 2021ರವರೆಗೆ ಅಮೆಜಾನಿನ ಉಪಕರಣ ವಿಭಾಗ 25 ಬಿಲಿಯನ್ ಡಾಲರಿಗೂ ಹೆಚ್ಚು ನಷ್ಟ ಮಾಡಿಕೊಂಡಿತು ಅಂತ 2024ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಜನ ಅದನ್ನು ಕೇಳಿದ್ದು ಹಾಡು, ಹವಾಮಾನ, ಅಲಾರಂ. ನಮ್ಮ ಮನೆಯಲ್ಲೂ ಅದರ ಮುಖ್ಯ ಕೆಲಸ ಕುಕ್ಕರ್ ಇಳಿಸಲು ಹತ್ತು ನಿಮಿಷ ಎಣಿಸುವುದು.

ಸೋನೋಸ್ ಮತ್ತು ಗೂಗಲ್ ಜಗಳದಲ್ಲಿ ಒಂದು ತಮಾಷೆಯಿದೆ. ತಮ್ಮ ಪೇಟೆಂಟ್ ಕದ್ದರು ಅಂತ ಸೋನೋಸ್ 2020ರ ಜನವರಿಯಲ್ಲಿ ದಾವೆ ಹೂಡಿತು. 2022ರ ಜನವರಿಯಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಸೋನೋಸ್ ಪರ ತೀರ್ಪು ಕೊಟ್ಟಿತು. ಆಗ ಗೂಗಲ್ ತನ್ನ ಸ್ಪೀಕರುಗಳನ್ನು ಬದಲಿಸಿತು. ಗುಂಪು ಮಾಡಿದ ಸ್ಪೀಕರುಗಳ ದನಿಯನ್ನು ಒಟ್ಟಿಗೆ ಏರಿಸಿ ಇಳಿಸುವುದು ಹೋಗಿ, ಒಂದೊಂದನ್ನೂ ಬೇರೆಬೇರೆಯಾಗಿ ತಿರುಗಿಸಬೇಕಾಯಿತು. ವಾಷಿಂಗ್ಟನ್ನಿನಲ್ಲಿ ತೀರ್ಪಾದರೆ ದುಡ್ಡು ಕೊಟ್ಟು ಕೊಂಡವನ ಪಡಸಾಲೆಯ ವಾಲ್ಯೂಮು ಬದಲಾಗುತ್ತದೆ! ಹಳೇ ರೇಡಿಯೋದ ತಿರುಗಣೆಯನ್ನು ಯಾವ ಕೋರ್ಟಿಗೂ ಹೀಗೆ ಮುಟ್ಟಲು ಆಗುತ್ತಿರಲಿಲ್ಲ.

ಭಾರತಕ್ಕೆ ಈ ಯುದ್ಧ ಬರಲು ಇಂಟರ್ನೆಟ್ ಅಗ್ಗವಾಗಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅದಾಯಿತು. 2017ರ ಅಕ್ಟೋಬರಿನಲ್ಲಿ ಎಕೋ ಬಂತು: ಚಿಕ್ಕ ಡಾಟ್‌ಗೆ 4,499 ರೂಪಾಯಿ, ಎಕೋಗೆ 9,999. ಮರುವರ್ಷ ಏಪ್ರಿಲಿನಲ್ಲಿ ಗೂಗಲ್ ಬಂತು: ಮಿನಿಗೆ 4,499, ಹೋಂಗೆ 9,999. ಒಂದು ರೂಪಾಯಿಯೂ ಆಚೆ ಈಚೆ ಇಲ್ಲ! ಗೋರ್ವಾದ ಮಾಲಿನಿಂದ ಹಿಡಿದು ಮರಿಮಾತಾ ಖಾಂಚೋದ ಮೊಬೈಲ್ ಅಂಗಡಿಗಳವರೆಗೆ ಸ್ಪೀಕರುಗಳೇ ಸ್ಪೀಕರು. 2017ರಲ್ಲೇ, ಇವರೆಲ್ಲರ ನಡುವೆ, ಹಳೇ ಎಚ್‌ಎಂವಿಯ ವಾರಸುದಾರ ಸಾರೆಗಾಮ ಕಂಪನಿ 'ಕಾರವಾನ್' ಅಂತ ಒಂದು ಡಬ್ಬಿ ತಂದಿತು. 5,990 ರೂಪಾಯಿ, ಒಳಗೆ 5,000 ಹಳೇ ಹಿಂದಿ ಹಾಡು, ಇಂಟರ್ನೆಟ್ ಬೇಡ, ಎದುರಿಗೆ ಒಂದು ತಿರುಗಣೆ. ಬುದ್ಧಿಯೇ ಇಲ್ಲದ ಆ ಡಬ್ಬಿ ಬಿಸಿದೋಸೆಯಂತೆ ಖರ್ಚಾಯಿತು. ಮುಂದೆ ಕನ್ನಡದ ಕಾರವಾನ್ ಕೂಡ ಬಂತು. ನಮ್ಮ ಹಿರಿಯರಿಗೆ ಏನು ಬೇಕಿತ್ತು ಅನ್ನುವುದು ಹಳಬನಿಗೆ ಮೊದಲೇ ತಿಳಿದಿತ್ತು ಅನ್ನಿಸುತ್ತದೆ.

ಈಗ ಅವ್ವನ ಪ್ರಶ್ನೆಗೆ ಬರೋಣ. ಇವುಗಳ ಬಾಯಿಂದ ಕನ್ನಡ ಬರುವುದಿಲ್ಲವೇ? ಧಾರಾಳವಾಗಿ ಬರುತ್ತದೆ. 2018ರಲ್ಲಿ ಆಕಾಶವಾಣಿಯೇ ತನ್ನ ಹಲವು ಭಾಷೆಯ ಪ್ರಸಾರಗಳನ್ನು ಅಲೆಕ್ಸಾದಲ್ಲಿ ಕೇಳುವ ಏರ್ಪಾಟು ಮಾಡಿತು. ಕನ್ನಡ ಹಾಡಿಗೆ ಕೊರತೆಯೇ ಇಲ್ಲ. ತಾರಸಿಯ ಮೇಲೆ ಟ್ರಾನ್ಸಿಸ್ಟರ್ ತಿರುಗಿಸುತ್ತಿದ್ದವನಿಗೆ ಇದು ಸ್ವರ್ಗವೇ ಸರಿ. ಕೊರತೆ ಇರುವುದು ಕಿವಿಯಲ್ಲಿ. ಭಾರತಕ್ಕೆ ಬಂದಾಗ ಅದು ಕೇಳಿಸಿಕೊಳ್ಳುತ್ತಿದ್ದದ್ದು ಇಂಗ್ಲಿಷ್. 2018ರಲ್ಲಿ ಅಮೆಜಾನಿನವರು 'ಕ್ಲಿಯೋ' ಅಂತ ಒಂದು ಆಟ ಬಿಟ್ಟರು. ಹಿಂದಿ, ಕನ್ನಡ, ಗುಜರಾತಿ ಮುಂತಾದ ಭಾಷೆಗಳನ್ನು ನೀವೇ ಮಾತಾಡಿ ಅಲೆಕ್ಸಾಗೆ ಕಲಿಸಿ ಅಂತ. 2019ರ ಸೆಪ್ಟೆಂಬರಿನಲ್ಲಿ ಅಲೆಕ್ಸಾ ಹಿಂದಿ ಮಾತಾಡಿತು. ಗೂಗಲ್ ಸ್ಪೀಕರಿಗೂ ಹಿಂದಿ ಬಂತು. ಕನ್ನಡದ, ಗುಜರಾತಿಯ ಸರದಿ ಬರಲಿಲ್ಲ.

ಫೋನಿಗೆ ಕನ್ನಡ ಬರುತ್ತದಲ್ಲ ಅಂತ ನೀವು ಕೇಳಬಹುದು. ಹೌದು, 2017ರ ಆಗಸ್ಟಿನಲ್ಲೇ ಗೂಗಲ್ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯ ಕೊಟ್ಟಿತು. ಆದರೆ ಫೋನು ಬಾಯಿಯ ಹತ್ತಿರ ಇರುತ್ತದೆ, ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ಸ್ಪೀಕರು ಮಿಕ್ಸಿ, ಟಿವಿ, ಮಕ್ಕಳ ಗಲಾಟೆಯ ನಡುವೆ ಹತ್ತಡಿ ದೂರದಿಂದ ಕೇಳಿಸಿಕೊಳ್ಳಬೇಕು. ಅದಕ್ಕೆ ಬಗೆಬಗೆಯ ದನಿಗಳ ರಾಶಿ ಬೇಕು, ಆ ರಾಶಿ ಮಾಡಲು ದುಡ್ಡು ಬೇಕು. ಹಿಂದಿ ಕಲಿಸಿದರೆ ಉಳಿದವರು ಹೇಗೋ ಹೊಂದಿಕೊಳ್ಳುತ್ತಾರೆ ಅನ್ನುವ ಲೆಕ್ಕವೂ ಇರಬಹುದು, ಇದು ನನ್ನ ಅನುಮಾನ. 2019ರಲ್ಲಿ ಬ್ಲೂಂಬರ್ಗ್ ಒಂದು ವರದಿ ಮಾಡಿತ್ತು: ಅಲೆಕ್ಸಾ ಸುಧಾರಿಸಲು ಕೆಲವು ಧ್ವನಿಮುದ್ರಣಗಳನ್ನು ಮನುಷ್ಯರೇ ಕೂತು ಕೇಳುತ್ತಾರೆ, ಆ ಕೆಲಸ ನಡೆಯುವ ಜಾಗಗಳಲ್ಲಿ ಭಾರತವೂ ಒಂದು ಅಂತ. ಗುಟ್ಟು ಕೇಳಿಸಿಕೊಂಡರಲ್ಲಾ ಅಂತ ಲೋಕ ಸಿಟ್ಟಾಯಿತು. ನನಗೆ ಮಾತ್ರ, ನಮ್ಮವ್ವ ಹೇಳಿದ್ದನ್ನು ಅಲ್ಲಿ ಯಾರಾದರೂ ಕನ್ನಡದವರು ಕೇಳಿಸಿಕೊಂಡಿದ್ದರೆ ಅನ್ನಿಸಿತು!

ಇನ್ನು, ಕನ್ನಡ ಅಂದರೆ ಯಾವ ಕನ್ನಡ? ಅವ್ವ ರೇಡಿಯೋ 'ಹಚ್ಚು' ಅನ್ನುತ್ತಾಳೆ. ಬೆಂಗಳೂರಿನವರು 'ಹಾಕು' ಅಥವಾ 'ಆನ್ ಮಾಡು' ಅನ್ನುತ್ತಾರೆ. ಬೆಂಗಳೂರು ಕನ್ನಡ ಕಲಿತ ಯಂತ್ರಕ್ಕೆ 'ಧಾರವಾಡ ಹಚ್ಚು' ಅಂದರೆ ಧಾರವಾಡವನ್ನು ಯಾವ ಗಾಯಕ್ಕೆ ಸವರಬೇಕೋ ತಿಳಿಯದೆ ಒದ್ದಾಡೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ 'ವಾಣಿ' ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಆಡುಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದ್ದಾರೆ, ಇದು 2022ರ ಕೊನೆಗೆ ಪ್ರಕಟವಾದದ್ದು. ಈ ಕೆಲಸ ಅವ್ವನ ವಯಸ್ಸಿನವರು ಇರುವಾಗಲೇ ಮುಗಿಯಲಿ ಅಂತ ನನ್ನ ಆಸೆ. ಅವರ ಮಾತನ್ನು ಆಮೇಲೆ ಯಾರ ಬಾಯಿಂದ ಮುದ್ರಿಸಿಕೊಳ್ಳುತ್ತಾರೆ?

ಇದನ್ನೆಲ್ಲ ಅವ್ವನಿಗೆ ನನಗೆ ತಿಳಿದಂತೆ ಹೇಳಿದೆ. ಅಷ್ಟರಲ್ಲಿ ಪಕ್ಕದ ಮನೆಯ ಬಾ ಬಂದರು, ಅವರಿಗೂ ಎಂಬತ್ತು ದಾಟಿದೆ. ಹುಟ್ಟಿದ್ದು ಬೆಳೆದದ್ದು ಇದೇ ಗೋರ್ವಾದಲ್ಲಿ. ಅವರ ಮನೆಯಲ್ಲೂ ಒಂದು ಡಬ್ಬಿ ಇದೆ. "ಸಾಂಭಳ್ತು ಜ ನಥಿ," ಕೇಳಿಸಿಕೊಳ್ಳುವುದೇ ಇಲ್ಲ ಅಂತ ಅವರದೂ ಅದೇ ದೂರು. ನಲವತ್ತು ವರ್ಷದಿಂದ ಇಲ್ಲಿ ಹೊರಗಿನವನು ನಾನೊಬ್ಬನೇ ಅಂದುಕೊಂಡಿದ್ದೆ. ಈ ಡಬ್ಬಿಯ ಮುಂದೆ ಅವರೂ ತಮ್ಮ ಸ್ವಂತ ಊರಿನಲ್ಲಿ ಹೊರಗಿನವರೇ. ಇಬ್ಬರೂ ಮುದುಕಿಯರು ತಮ್ಮ ಅರ್ಧ ಗುಜರಾತಿ, ಅರ್ಧ ಕನ್ನಡ, ಮಿಕ್ಕಿದ್ದು ಕೈಸನ್ನೆಯ ಭಾಷೆಯಲ್ಲಿ ಯಂತ್ರವನ್ನು ಮನಸಾರೆ ಬೈದುಕೊಂಡರು.

ಸದ್ಯಕ್ಕೆ ನಮ್ಮ ಮನೆಯ ಏರ್ಪಾಟು ಹೀಗಿದೆ. ಬೆಳಿಗ್ಗೆ ಏಳು ವರ್ಷದ ಮೊಮ್ಮಗ ಶಾಲೆಗೆ ಹೋಗುವ ಮೊದಲು ನನ್ನ ಫೋನಿನಲ್ಲಿ ಆಕಾಶವಾಣಿಯ ಆಪ್ ತೆಗೆದು, ಧಾರವಾಡ ಒತ್ತಿ, ಡಬ್ಬಿಗೆ ಜೋಡಿಸಿ ಹೋಗುತ್ತಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಪಟ್ಟಿಯಲ್ಲಿ ಎಷ್ಟನೆಯದು ಅಂತ ಮಾತ್ರ ಗೊತ್ತು. ದನಿ ಬಂದಕೂಡಲೇ "ಅಜ್ಜಿ, ಹಚ್ಚೀನಿ" ಅಂತ ಕೂಗಿ ಓಡುತ್ತಾನೆ. ಆ ಒಂದು ಮಾತು ಅವಳೇ ಕಲಿಸಿದ್ದು. ಅವ್ವ ಹತ್ತು ಗಂಟೆಯವರೆಗೆ ಕೇಳಿ, ಸಾಕಾದ ಮೇಲೆ ಎದ್ದು ಬಂದು, ಡಬ್ಬಿಗೆ ಏನೂ ಹೇಳದೆ, ಗೋಡೆಯ ಪ್ಲಗ್ಗನ್ನೇ ಕಿತ್ತಿಡುತ್ತಾಳೆ.